ತಾಂಬೂಲದ ಕಾಯಿ, ಸೀರೆಯ ಬಣ್ಣ, ಅಜ್ಜಿಯ ಫೋಟೊ

ಛತ್ರ ಗೊತ್ತಾಯಿತು, ಅಡುಗೆಯವರಿಗೆ ಅಡ್ವಾನ್ಸ್ ಹೋಯಿತು, ಲಗ್ನಪತ್ರಿಕೆ ಅಚ್ಚಾಗಿ ಬಂತು. ದೊಡ್ಡ ಕೆಲಸವೆಲ್ಲ ಮುಗಿಯಿತು ಅಂತ ಮನೆಯವರು ಉಸಿರು ಬಿಡುವ ಹೊತ್ತಿಗೆ ಸಣ್ಣ ಕೆಲಸಗಳು ಶುರುವಾಗುತ್ತವೆ. ತಾಂಬೂಲದ ಚೀಲಕ್ಕೆ ಏನೇನು ಹಾಕೋದು? ಅರಿಶಿನ ಶಾಸ್ತ್ರಕ್ಕೆ ಎಲ್ಲರೂ ಹಳದಿಯನ್ನೇ ಉಡಬೇಕಾ? ಡ್ರೋನ್ ಬೇಕಾ, ಬೇಡವಾ?

ಬಾಣಾವರ, ಅರಸೀಕೆರೆ, ಜಾವಗಲ್ ಕಡೆಯ ಮದುವೆ ಮನೆಗಳಲ್ಲಿ ಈಗ ಇವೇ ಮಾತು. ಮೊದಲು ಇದನ್ನೆಲ್ಲ ಪದ್ಧತಿಯೇ ತೀರ್ಮಾನ ಮಾಡಿಬಿಡುತ್ತಿತ್ತು. ಈಗ ಫೋನಿನಲ್ಲಿ ನೂರು ಮದುವೆ ನೋಡಿದ ಮಗಳು ಒಂದು ಹೇಳುತ್ತಾಳೆ, ಗಂಡಿನ ಕಡೆಯವರು ಇನ್ನೊಂದು ಕೇಳುತ್ತಾರೆ, ಅಪ್ಪ ಸುಮ್ಮನೆ ಲೆಕ್ಕ ಹಾಕುತ್ತಾ ಕೂರುತ್ತಾರೆ. ‘ಹತ್ತು ರೂಪಾಯಿ ಜಾಸ್ತಿ ಅಷ್ಟೇ ಅಲ್ವಾ’ ಅನ್ನುವ ಒಂದೊಂದು ಮಾತೂ ಆರುನೂರು ಜನರ ಮದುವೆಯಲ್ಲಿ ಆರು ಸಾವಿರ ರೂಪಾಯಿ. ಇಂಥ ಹತ್ತು ಮಾತು ಸೇರಿದರೆ ಒಂದು ಕೈಸಾಲ.

ಗೊಂದಲವಾದಾಗ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಸಲೀಸು: ಇದು ಮದುವೆಗೆ ಬಂದವರಿಗಾಗಿಯೋ, ಆಮೇಲೆ ಫೋನಿನಲ್ಲಿ ನೋಡುವವರಿಗಾಗಿಯೋ?

ಮುಯ್ಯಿಗೆ ಉತ್ತರ ತಾಂಬೂಲ

ನಮ್ಮ ಕಡೆ ಊಟದ ಹಾಲಿನ ಹತ್ತಿರ ಒಬ್ಬರು ಪುಸ್ತಕ ಹಿಡಿದು ಮುಯ್ಯಿ ಬರೆಯುತ್ತಾ ಕೂತಿರುತ್ತಾರೆ. ಯಾರು ಎಷ್ಟು ಹಾಕಿದರು ಎಂಬ ಆ ಲೆಕ್ಕ ಮನೆಯ ಬೀರುವಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅವರ ಮನೆಯ ಮದುವೆಗೆ ಹೋಗುವಾಗ ತೆಗೆದು ನೋಡುತ್ತೇವೆ. ಮುಯ್ಯಿ ಹಾಕಿ ಉಂಡು ಹೊರಟವರ ಕೈಗೆ ಕೊಡುವ ತಾಂಬೂಲ ಅದಕ್ಕೆ ಆ ಹೊತ್ತಿನ ಉತ್ತರ. ‘ರಿಟರ್ನ್ ಗಿಫ್ಟ್’ ಅನ್ನುವ ಹೆಸರು ಬರುವ ಮೊದಲೂ ಇದು ಇತ್ತು: ಎರಡು ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ.

ತೆಂಗಿನ ಸೀಮೆಯಲ್ಲಿ ಕಾಯಿ ಕೊಡೋದೇನು ದೊಡ್ಡದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದು ಮರಕ್ಕೆ ವರ್ಷಕ್ಕೆ ಐವತ್ತು–ಅರವತ್ತು ಕಾಯಿ ಅಂತ ಹಿಡಿದರೆ ಆರುನೂರು ಕಾಯಿ ಎಂದರೆ ಹತ್ತು–ಹನ್ನೆರಡು ಮರಗಳ ಇಡೀ ವರ್ಷದ ಫಸಲು. ನುಸಿ, ಕಪ್ಪು ತಲೆ ಹುಳು, ಬಿಳಿ ನೊಣ ಅಂತ ಒಂದರ ಹಿಂದೆ ಒಂದು ಪೀಡೆ ಬಂದು ಇಳುವರಿ ಇಳಿದ ತೋಟಗಳಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ಕಾಯಿಯ ಜೊತೆಗೆ ಸ್ಟೀಲ್ ಡಬ್ಬಿ, ಕುಂಕುಮದ ಭರಣಿ, ಹೆಸರು ಹಾಕಿಸಿದ ಪೆನ್ನು ಎಲ್ಲ ಸೇರಿಸುವ ಅಗತ್ಯವಿಲ್ಲ. ಕಾಯಿಯೇ ಸಾಕು.

ಕಾಯಿ ಕೊಡುವವರು ಗಮನಿಸಬೇಕಾದ್ದು: ಚೆನ್ನಾಗಿ ಬಲಿತ ಕಾಯಿಯನ್ನೇ ಆರಿಸಿ, ಜುಟ್ಟು ಬಿಟ್ಟು ಸುಲಿಸಿ. ಮದುವೆಗೆ ಎರಡು ದಿನ ಇರುವಾಗ ಸುಲಿಸಿದರೆ ಸಾಕು. ಬೇಸಗೆಯಲ್ಲಿ ವಾರದ ಮೊದಲೇ ಸುಲಿಸಿ ಬಿಸಿಲು ತಾಗುವಲ್ಲಿ ರಾಶಿ ಹಾಕಿದರೆ ಕಾಯಿ ಬಿರಿಯುತ್ತದೆ. ನೆಂಟರು ಮನೆಗೆ ಹೋಗಿ ಒಡೆದಾಗ ಕೆಟ್ಟಿರುತ್ತದೆ. ಎಲೆಯನ್ನು ಚೀಲದೊಳಗೆ ಮೊದಲೇ ತುಂಬಬೇಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಕೊಡುವಾಗ ಹಾಕಿ.

ಇನ್ನು ಚೀಲ. ಬಣ್ಣಬಣ್ಣದ ‘ನಾನ್ ವೋವನ್’ ಚೀಲ ಬಟ್ಟೆಯ ಹಾಗೆ ಕಂಡರೂ ಅದು ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ಪ್ಲಾಸ್ಟಿಕ್ ತಟ್ಟೆ–ಲೋಟಗಳಿಗೆ ನಿಷೇಧವಿದೆ. ಊರಿನ ಟೈಲರ್ ಅಕ್ಕನಿಗೆ ಎರಡು ತಿಂಗಳು ಮೊದಲೇ ಹೇಳಿದರೆ ಹತ್ತಿ ಬಟ್ಟೆಯ ಚೀಲ ಹೊಲಿದು ಕೊಡುತ್ತಾರೆ. ಅದರ ಮೇಲೆ ಗಂಡು–ಹೆಣ್ಣಿನ ಹೆಸರು ದೊಡ್ಡದಾಗಿ ಅಚ್ಚು ಹಾಕಿಸದಿದ್ದರೆ ಇನ್ನೂ ಒಳ್ಳೆಯದು. ಸಂತೆಗೆ ಹಿಡಿದುಕೊಂಡು ಹೋಗಲು ಯಾರಿಗೂ ಸಂಕೋಚವಾಗುವುದಿಲ್ಲ.

ಬಣ್ಣ: ಯಾರೂ ಪಕ್ಕಕ್ಕೆ ಸರಿಯಬಾರದು

ಅರಿಶಿನಕ್ಕೆ ಹಳದಿ, ಬಳೆ ಶಾಸ್ತ್ರಕ್ಕೆ ಹಸಿರು, ಆರತಕ್ಷತೆಗೆ ತಿಳಿ ಗುಲಾಬಿ ಅಂತ ಈಗ ಒಂದೊಂದಕ್ಕೆ ಒಂದೊಂದು ಬಣ್ಣ. ನೋಡಲು ಚೆಂದವೇ. ಆದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಎಲ್ಲರೂ ಇದೇ ಬಣ್ಣ’ ಅಂತ ಹಾಕಿದ ಆ ಒಂದು ಸಾಲು ಕೂಲಿಗೆ ಹೋಗುವ ಚಿಕ್ಕಮ್ಮನಿಗೆ ಎರಡು ಹೊಸ ಸೀರೆಯ ಖರ್ಚು. ಅರಸೀಕೆರೆಯ ಒಂದು ಛತ್ರದಲ್ಲಿ ನಾನೇ ಕಂಡದ್ದು: ಮದುಮಗಳ ಸೋದರತ್ತೆ, ಹುಡುಗಿಯನ್ನು ಎತ್ತಿ ಆಡಿಸಿದವರು, ಗುಂಪು ಫೋಟೊಗೆ ಕರೆದರೆ ‘ನಂದು ಬೇರೆ ಬಣ್ಣ ಐತೆ ಕಣವ್ವ, ನೀವ್ ತೆಗುಸ್ಕಳಿ’ ಅಂತ ಕಂಬದ ಪಕ್ಕಕ್ಕೆ ಸರಿದರು. ಗಲಾಟೆಯಲ್ಲಿ ಯಾರೂ ಎರಡನೇ ಸಲ ಕರೆಯಲಿಲ್ಲ.

ಇದಕ್ಕೆ ಸುಲಭದ ದಾರಿ ಇದೆ. ಒಂದೇ ಬಣ್ಣ ಅನ್ನುವ ಬದಲು ‘ಅರಿಶಿನ, ಕುಂಕುಮ, ಹಸಿರು ಯಾವುದಾದರೂ ಸರಿ, ಮನೆಯಲ್ಲಿರೋದನ್ನೇ ಉಟ್ಕೊಂಡು ಬನ್ನಿ’ ಅನ್ನಿ. ಈ ಮೂರರಲ್ಲಿ ಒಂದು ಎಲ್ಲರ ಪೆಟ್ಟಿಗೆಯಲ್ಲೂ ಇರುತ್ತದೆ, ಫೋಟೊದಲ್ಲೂ ತುಂಬಿಕೊಂಡು ಕಾಣುತ್ತದೆ.

ಮದುಮಗಳ ಮುಹೂರ್ತದ ಸೀರೆ ಮಾತ್ರ ಎಲ್ಲಕ್ಕಿಂತ ಮೊದಲು ಗೊತ್ತಾಗಲಿ. ಮೊಳಕಾಲ್ಮೂರಿನದೋ, ಮೈಸೂರು ಸಿಲ್ಕೋ, ಕಂಚಿಯದೋ, ಸೀರೆ ಬಂದ ಮೇಲೆ ಮಂಟಪದ ಬಣ್ಣ ಹೇಳಿ. ಕೆಂಪು ಸೀರೆಯ ಹಿಂದೆ ಕೆಂಪು ಪರದೆ ಬಿಟ್ಟರೆ ಹುಡುಗಿಯೇ ಕಾಣುವುದಿಲ್ಲ. ವೇದಿಕೆಗೆ ಬಿಡುವ ನೇರಳೆ, ನೀಲಿ ಎಲ್ಇಡಿ ದೀಪಗಳನ್ನು ಧಾರೆಯ ಹೊತ್ತಿಗೆ ಆರಿಸಲು ಹೇಳಿ. ಇಲ್ಲದಿದ್ದರೆ ಬಿಳಿ ಪಂಚೆಯೂ ನೇರಳೆ, ಅರಿಶಿನ ಹಚ್ಚಿದ ಮುಖವೂ ನೇರಳೆ.

ಫೋಟೊ: ಯಾರದು ಬೇಕು ಅಂತ ಬರೆದು ಕೊಡಿ

ಮದುವೆ ಮುಗಿದು ಆಲ್ಬಂ ಬಂದಾಗ ಮನೆಯವರು ಮೊದಲು ಹುಡುಕುವುದು ಡ್ರೋನಿನಲ್ಲಿ ತೆಗೆದ ಛತ್ರದ ಮಾಳಿಗೆಯನ್ನಲ್ಲ. ‘ಅಜ್ಜಿ ಎಲ್ಲಿ?’ ಅಂತ. ನಡೆಯಲಾಗದೆ ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ವೇದಿಕೆ ಹತ್ತಲಿಲ್ಲ, ಫೋಟೊದವರು ಕೆಳಗಿಳಿಯಲಿಲ್ಲ. ಮುಂದಿನ ಮದುವೆಗೆ ಆಕೆ ಇರುತ್ತಾರೋ ಇಲ್ಲವೋ.

ಫೋಟೊಗ್ರಾಫರ್‌ಗೆ ನಮ್ಮ ಮನೆಯವರು ಯಾರು ಅಂತ ಗೊತ್ತಿರುವುದಿಲ್ಲ. ಬೇಕಾದವರ ಪಟ್ಟಿ ಮಾಡಿ, ಎರಡೂ ಕಡೆಯವರನ್ನು ಬಲ್ಲ ಒಬ್ಬರನ್ನು ಅವರ ಜೊತೆ ಬಿಡಿ. ಹಿರಿಯರ ಫೋಟೊ ಆರತಕ್ಷತೆಯ ಸಾಲು ಶುರುವಾಗುವ ಮೊದಲೇ, ಮದುಮಕ್ಕಳೇ ಅವರ ಕುರ್ಚಿಯ ಹತ್ತಿರ ಹೋಗಿ ತೆಗೆಸಿಕೊಳ್ಳಲಿ. ಮಾಂಗಲ್ಯಧಾರಣೆಯ ಹೊತ್ತಿಗೆ ಕ್ಯಾಮೆರಾದವರು ಒಂದು ಪಕ್ಕಕ್ಕೆ ನಿಲ್ಲಬೇಕು ಅಂತ ಮೊದಲೇ ಮಾತಾಡಿ. ಅಕ್ಷತೆ ಹಿಡಿದು ಕಾದು ಕೂತ ಜನಕ್ಕೆ ಕ್ಯಾಮೆರಾದವರ ಬೆನ್ನು ಮಾತ್ರ ಕಂಡರೆ ಏನು ಬಂತು? ಆ ಕ್ಷಣದ ಸ್ಪಷ್ಟವಾದ ಒಂದು ಫೋಟೊವನ್ನೂ ಲಗ್ನಪತ್ರಿಕೆಯ ಪ್ರತಿಯನ್ನೂ ತೆಗೆದಿಡಿ. ಮದುವೆ ನೋಂದಣಿಗೆ ಕೇಳುತ್ತಾರೆ.

ಅಡ್ವಾನ್ಸ್ ಕೊಡುವ ಮುನ್ನ ಇಷ್ಟನ್ನು ಬರೆಸಿಕೊಳ್ಳಿ:

- ಎಷ್ಟು ಜನ ಬರುತ್ತಾರೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ
- ಆಲ್ಬಮ್ಮಿನಲ್ಲಿ ಎಷ್ಟು ಹಾಳೆ, ಹೆಚ್ಚಾದರೆ ಹಾಳೆಗೆ ಎಷ್ಟು
- ತೆಗೆದ ಎಲ್ಲ ಫೋಟೊಗಳನ್ನೂ ನಮ್ಮ ಹಾರ್ಡ್ ಡಿಸ್ಕಿಗೆ ಕೊಡುತ್ತಾರೋ, ಯಾವಾಗ
- ಬಾಕಿ ಹಣ ಯಾವಾಗ (ಆಲ್ಬಂ ಕೈಗೆ ಬಂದ ಮೇಲೆ ಸ್ವಲ್ಪ ಉಳಿಸಿಕೊಳ್ಳಿ)
- ನಮ್ಮ ಫೋಟೊವನ್ನು ಅವರ ಜಾಹೀರಾತಿಗೆ ಹಾಕಿಕೊಳ್ಳಬಹುದೋ, ಬಾರದೋ

ಹಳೇಬೀಡಿಗೆ ಹೋಗುವ ಮುನ್ನ

ಬಾಣಾವರದವರಿಗೆ ಪ್ರೀ ವೆಡ್ಡಿಂಗ್ ಶೂಟ್ ಅಂದರೆ ಮೊದಲು ನೆನಪಾಗುವುದು ಜಾವಗಲ್ ದಾಟಿದರೆ ಸಿಗುವ ಹಳೇಬೀಡು, ಅಲ್ಲಿಂದ ಮುಂದೆ ಬೇಲೂರು. ಎರಡೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಸೋಮನಾಥಪುರದ ಜೊತೆಗೆ 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಟ್ರೈಪಾಡ್, ಲೈಟು, ಡ್ರೋನ್ ತಂದು ಶೂಟ್ ಮಾಡಲು ಅನುಮತಿ ಬೇಕು. ಫೋಟೊಗ್ರಾಫರ್ ‘ನಾನ್ ನೋಡ್ಕೋತೀನಿ ಬಿಡಿ ಸಾರ್’ ಅಂದರೆ ಅನುಮತಿ ಪತ್ರ ತೋರಿಸಿ ಅನ್ನಿ. ಬೇಲೂರಿನ ಚೆನ್ನಕೇಶವನಿಗಂತೂ 1117ರಿಂದ ಪೂಜೆಯ ಪರಂಪರೆಯಿದೆ. ಭಕ್ತರು ಕೈಮುಗಿದು ನಿಂತಲ್ಲಿ ಪೋಸು ಕೊಡುವುದು ನಮಗೇ ಚೆನ್ನಾಗಿರುವುದಿಲ್ಲ. ಜಾಗ ನೋಡದೆ ಶೂಟ್ ಮಾಡಿದರೆ ಏನಾಗುತ್ತದೆ ಎಂಬುದನ್ನು 2024ರ ಫೆಬ್ರುವರಿಯಲ್ಲಿ ನೋಡಿದ್ದೇವೆ: ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೊಠಡಿಯಲ್ಲಿ ಶೂಟ್ ಮಾಡಿಸಿದ ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡರು.

ನಿಮ್ಮದೇ ತೆಂಗಿನ ತೋಟಕ್ಕೆ ಬೆಳಿಗ್ಗೆ ಎಂಟರೊಳಗೆ ಹೋಗಿ. ಗರಿಗಳ ಸಂದಿಯಿಂದ ಬರುವ ಆ ಬೆಳಕಿಗೆ ಬಾಡಿಗೆಯೂ ಇಲ್ಲ, ಅನುಮತಿಯೂ ಬೇಡ.

ಒಂದು ಹಾಳೆ, ಎರಡು ಮನೆ

ಇದಾವುದೂ ಬೇಡ ಅನ್ನುವವರಿಗೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯವಿದೆ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಅವರು ಹಾಗೆಯೇ ಮಾಡಿದರು. ಛತ್ರದಲ್ಲೇ ಮಾಡುವವರು ನಿಶ್ಚಿತಾರ್ಥದ ದಿನವೇ ಒಂದು ಹಾಳೆ ತೆಗೆದುಕೊಳ್ಳಿ. ತಾಂಬೂಲ, ಬಣ್ಣ, ಫೋಟೊ ಅಂತ ಮೂರು ಸಾಲು ಬರೆದು, ಒಂದೊಂದರ ಮುಂದೆ ಏನು, ಎಷ್ಟು, ಯಾರ ಖರ್ಚು ಅಂತ ಎರಡೂ ಮನೆಯವರು ಕೂತು ತುಂಬಿಸಿ. ‘ನೀವ್ ಹೆಂಗಂದ್ರೆ ಹಂಗೆ ಬೀಗ್ರೆ’ ಅನ್ನುವ ಮರ್ಯಾದೆಯ ಮಾತಿಗೆ ಅಲ್ಲಿಗೇ ಬಿಡಬೇಡಿ. ಆ ಮಾತು ಮದುವೆಗೆ ಹದಿನೈದು ದಿನ ಇರುವಾಗ ಬೇರೆ ದನಿಯಲ್ಲಿ ವಾಪಸು ಬರುತ್ತದೆ, ಅದನ್ನು ಕೇಳಿಸಿಕೊಳ್ಳಬೇಕಾದವಳು ಆ ಮನೆಗೆ ಹೋಗುವ ಹುಡುಗಿ.