ಬರೆಯುವ ಫಲಕ ಮತ್ತು ಬರೆಯುವವನ ಕೈ

ಪತ್ರ ಬರೆಯಲು ಕುಳಿತವನಿಗೆ ಕಾಗದವು ಎಷ್ಟು ದೊಡ್ಡದಿರಬೇಕೆಂಬುದನ್ನು ಕಾಗದವೇ ನಿರ್ಧರಿಸತೊಡಗಿದರೆ ಹೇಗಾದೀತು? ಈ ಪ್ರಶ್ನೆ ನಗೆ ತರಿಸುವಂಥದು. ಆದರೆ ತತ್‌ಕ್ಷಣ ಸಂದೇಶ ಕಳಿಸುವ ತಂತ್ರಾಂಶಗಳ ಜಗತ್ತಿನಲ್ಲಿ ಇದೇ ಪ್ರಶ್ನೆ 2008ರಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು.

ಇಂಥ ತಂತ್ರಾಂಶದ ಪರದೆಯಲ್ಲಿ ಮುಖ್ಯವಾಗಿ ಮೂರು ಫಲಕಗಳಿರುತ್ತವೆ. ಒಂದರಲ್ಲಿ ಪರಿಚಿತರ ಹೆಸರುಗಳು, ಇನ್ನೊಂದರಲ್ಲಿ ನಡೆದ ಮಾತುಕತೆ, ಕೆಳಗಿನ ಮೂರನೆಯದರಲ್ಲಿ ನಾವು ಬರೆಯುವ ಮಾತು. ಪರದೆಯ ಜಾಗವು ಮಿತವಾದುದರಿಂದ ಒಂದು ಹಿಗ್ಗಿದರೆ ಮತ್ತೊಂದು ಕುಗ್ಗಲೇಬೇಕು. ಅಣ್ಣತಮ್ಮಂದಿರ ಹೊಲದ ಬದುವಿನಂತೆ, ಇಲ್ಲಿಯೂ ತಕರಾರು ಹುಟ್ಟುವುದು ಗಡಿಯಲ್ಲಿಯೇ.

1998ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕದ ವಿದ್ಯಾರ್ಥಿಯು ಆರಂಭಿಸಿದ 'ಗೇಮ್' ಎಂಬ ಮುಕ್ತ ತಂತ್ರಾಂಶವು 2007ರಲ್ಲಿ 'ಪಿಜಿನ್' ಎಂಬ ಹೆಸರು ಪಡೆಯಿತು. ಅದರಲ್ಲಿ ಬರೆಯುವ ಫಲಕದ ಅಂಚನ್ನು ಹಿಡಿದೆಳೆದು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಾಗಿತ್ತು. 2008ರ 2.4.0 ಆವೃತ್ತಿಯಲ್ಲಿ ಈ ಅನುಕೂಲವನ್ನು ತೆಗೆದು, ಬರೆದಂತೆಲ್ಲ ಫಲಕವು ತಾನಾಗಿಯೇ ಬೆಳೆಯುವಂತೆ ಮಾಡಲಾಯಿತು. ಬಳಸುವವನಿಗೆ ಅಳತೆಯ ಚಿಂತೆಯೇ ಬೇಡವೆಂಬ ಈ ವಿಚಾರದಲ್ಲಿ ತಥ್ಯವಿಲ್ಲದಿಲ್ಲ. ಆದರೆ ತಮ್ಮ ರೂಢಿಯಂತೆ ಫಲಕವನ್ನು ಇಟ್ಟುಕೊಂಡಿದ್ದ ಅನೇಕರಿಗೆ ಅದು ರುಚಿಸಲಿಲ್ಲ. ವಾದ ಬೆಳೆದು, ಕೆಲವರು ಅದೇ ಮೂಲದಿಂದ 'ಫನ್‌ಪಿಜಿನ್' ಎಂಬ ಬೇರೆ ತಂತ್ರಾಂಶವನ್ನೇ ಕಟ್ಟಿದರು. ಅದು ಮುಂದೆ 'ಕ್ಯಾರಿಯರ್' ಎನಿಸಿತು. ಪಿಜಿನ್ನಿನಲ್ಲಿಯೂ ಮುಂದೆ, ಕನಿಷ್ಠ ಎಷ್ಟು ಸಾಲು ಕಾಣಬೇಕೆಂಬುದನ್ನು ಬಳಸುವವನೇ ಗೊತ್ತುಮಾಡುವ ಏರ್ಪಾಡು ಬಂದಿತು.

ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಕನ್ನಡದ ಸಾಲು ರೋಮನ್ ಸಾಲಿಗಿಂತ ಹೆಚ್ಚು ಎತ್ತರ ಬೇಡುತ್ತದೆ. ನಮ್ಮ ಒತ್ತಕ್ಷರಗಳು ಅಕ್ಷರದ ಕೆಳಗೆ ಇಳಿಯುತ್ತವೆ. ರೋಮನ್ ಅಕ್ಷರಕ್ಕೆಂದು ಅಳೆದ ಒಂದೇ ಸಾಲಿನ ಫಲಕದಲ್ಲಿ 'ಹುಬ್ಬಳ್ಳಿ' ಎಂದು ಬರೆದರೆ, ಒತ್ತು ಕತ್ತರಿಸಿಹೋಗಿ 'ಹುಬಳಿ'ಯಾಗಿ ಕಂಡೀತು. 'ಲಕ್ಷ್ಮೇಶ್ವರ'ದ ಗತಿಯನ್ನಂತೂ ಹೇಳಬೇಕಾಗಿಲ್ಲ. ಬರೆದುದು ಸರಿಯೋ ತಪ್ಪೋ ತಿಳಿಯದೆ ಬೇಸತ್ತವನು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗುತ್ತಾನೆ, ಇಲ್ಲವೆ ಬರೆಯುವುದನ್ನೇ ಬಿಟ್ಟು ದನಿಯ ಸಂದೇಶ ಕಳಿಸುತ್ತಾನೆ. ಹೀಗೆ ಒಂದು ಫಲಕದ ಅಳತೆಯಿಂದ ಒಂದು ಭಾಷೆಯ ಬರವಣಿಗೆಗೇ ಹಾನಿ ತಟ್ಟಬಹುದು.

ಈಗ ಈ ವ್ಯವಹಾರವೆಲ್ಲ ಮೊಬೈಲಿಗೆ ಬಂದಿದೆ. ಅಕ್ಷರದ ಕೀಲಿಮಣೆ ಮೇಲೇರಿದೊಡನೆ ಪರದೆಯ ಸಾಕಷ್ಟು ಭಾಗ ಮುಚ್ಚಿಹೋಗುತ್ತದೆ. ನಮ್ಮ ಬೆಳವಣಕಿಯ ಹಿರಿಯರೊಬ್ಬರು ಹೆಸರುಕಾಳಿನ ಧಾರಣೆಯ ಸಂದೇಶವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಾರೆಂದು ಭಾವಿಸೋಣ. ಅಷ್ಟರಲ್ಲಿ ಗುಂಪಿಗೆ ನಾಲ್ಕು ಶುಭೋದಯಗಳು ಬಂದು ಪರದೆಯನ್ನು ಕೆಳಗೆಳೆದರೆ, ಅವರು ಓದುತ್ತಿದ್ದ ಸಾಲು ಮಾಯವಾಗುತ್ತದೆ. ಓದುವವನು ಹಳೆಯ ಮಾತಿನ ಬಳಿ ಇರುವಾಗ ಪರದೆ ಅಲ್ಲಿಯೇ ನಿಲ್ಲಬೇಕು. ಹೊಸದು ಬಂದಿದೆಯೆಂಬುದನ್ನು ಒಂದು ಚಿಕ್ಕ ಬಾಣದ ಗುರುತು, ಒಂದು ಅಂಕಿ ತಿಳಿಸಿದರೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಇಂಥ ಏರ್ಪಾಡು ಇದೆ. ಬರೆಯುವ ಫಲಕವು ಅಲ್ಲಿ ಕೆಲವು ಸಾಲುಗಳವರೆಗೆ ಬೆಳೆದು, ಆಮೇಲೆ ತನ್ನೊಳಗೇ ಸರಿಯುತ್ತದೆ. ಅರ್ಧ ಬರೆದು ಬಿಟ್ಟ ಮಾತನ್ನೂ ಅದು ಕಾಯ್ದಿಡುತ್ತದೆ.

ಇವುಗಳಿಂದ ನನಗೆ ತೋರುವ ತತ್ತ್ವ ಸರಳವಾದುದು. ಯಂತ್ರವು ತಾನಾಗಿ ಸಹಾಯ ಮಾಡಲಿ. ಆದರೆ ಮನುಷ್ಯನು ತನ್ನ ಕೈಯಿಂದ ಇಟ್ಟುದನ್ನು ಅವನ ಅಪ್ಪಣೆಯಿಲ್ಲದೆ ಕದಲಿಸದಿರಲಿ. ಒಳ್ಳೆಯ ಬಡಗಿಯು ಕೂರಿಗೆಯನ್ನು ಮಾಡುವಾಗ ಹೊಲದ ಮಣ್ಣನ್ನೂ ಹಿಡಿಯುವವನ ಕೈಯನ್ನೂ ಲಕ್ಷ್ಯದಲ್ಲಿ ಇಡುತ್ತಾನಷ್ಟೆ. ನಾವು ಕಲಾ ವಿದ್ಯಾರ್ಥಿಗಳು, ತಂತ್ರಾಂಶ ನಮ್ಮ ವಿಷಯವಲ್ಲವೆನ್ನುವವರುಂಟು. ಆದರೆ ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕು, ನಿಧಾನವಾಗಿ ಓದುವವರಿಗೆ ಏನು ಅಡ್ಡಿ ಎಂಬುದನ್ನು ಬಲ್ಲವರು ನಾವೇ. ಆ ಮಾತನ್ನು ತಂತ್ರಾಂಶ ಕಟ್ಟುವವರಿಗೆ ತಿಳಿಸುವ ಹೊಣೆಯೂ ನಮ್ಮದೇ.