ವೇರೂಳಿನ ಗುಡ್ಡದಾರಿಗಳಲ್ಲಿ ಬೈಸಿಕಲ್ಲು

ಬೈಸಿಕಲ್ಲು ನಗರದ ಬಾಲಕ ಬಾಲಕಿಯರಿಗೆ ಹೊಸ ವಸ್ತುವಲ್ಲ. ಆದರೆ ಮುಂಬಯಿಯಂತಹ ನಗರದಲ್ಲಿ ಅದು ಕಟ್ಟಡದ ಆವರಣದೊಳಗೆ ನಾಲ್ಕು ಸುತ್ತು ಸುತ್ತಿ ನಿಲ್ಲಬೇಕಾದ ವಾಹನ. ಡಾಂಬರಿನ ರಸ್ತೆಯನ್ನು ಬಿಟ್ಟು, ಕಲ್ಲು, ಮಣ್ಣು, ಹುಲ್ಲುಗಳ ನಡುವೆ ಏರನ್ನೇರಿ ಇಳಿಜಾರನ್ನಿಳಿದು ಸಾಗುವ ಸವಾರಿಯೂ ಒಂದುಂಟು. ಅದನ್ನು ಗುಡ್ಡದ ಸವಾರಿ ಎನ್ನೋಣ. ಅದರ ಸ್ವರೂಪವೇನು, ಅದಕ್ಕೆ ತಕ್ಕ ನೆಲ ನಮಗೆ ಎಟುಕುವ ದೂರದಲ್ಲಿ ಎಲ್ಲಿದೆ, ಆ ನೆಲದ ಮೇಲೆ ಚಕ್ರವನ್ನು ಹಾಯಿಸುವವನು ಅರಿತಿರಬೇಕಾದುದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಈ ಸವಾರಿ ಒಂದು ಕ್ರೀಡೆಯಾಗಿ ಬೆಳೆದುದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ. ಅಲ್ಲಿಯ ಟಾಮಲ್ಪಾಯಿಸ್ ಬೆಟ್ಟದ ಸೀಮೆಯಲ್ಲಿ ಕೆಲವು ತರುಣರು ದಪ್ಪ ಟಾಯರಿನ ಹಳೆಯ ಬೈಸಿಕಲ್ಲುಗಳನ್ನು ದುರಸ್ತಿ ಮಾಡಿಕೊಂಡು, 1976ರಿಂದ ಒಂದು ಕಡಿದಾದ ಮಣ್ಣುದಾರಿಯಲ್ಲಿ ಇಳಿಯುವ ಪಂದ್ಯವನ್ನು ಹೂಡಿದರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕು ಕಾದು, ಒಳಗಿನ ಗ್ರೀಸು ಸುಟ್ಟುಹೋಗುತ್ತಿದ್ದಿತಂತೆ! 1977ರಲ್ಲಿ ಅವರಲ್ಲೊಬ್ಬನಾದ ಜೋ ಬ್ರೀಜ್ ಎಂಬವನು ಇದಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದನು. ಇಪ್ಪತ್ತು ವರ್ಷ ತುಂಬುವ ಮೊದಲೇ, ಅಂದರೆ 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ, ಈ ಸವಾರಿಗೆ ಸ್ಥಾನ ದೊರೆಯಿತು.

ಪಂದ್ಯಕ್ಕಾಗಿ ಅಲ್ಲದೆ ಸಂತೋಷಕ್ಕಾಗಿ ಗುಡ್ಡಗಳಲ್ಲಿ ಸವಾರಿ ಮಾಡುವವರಿಗೆ ದಕ್ಷಿಣ ಇಂಗ್ಲೆಂಡಿನ ನೆಲ ಬಹು ಪ್ರಿಯವಾದುದು. ವಿಂಚೆಸ್ಟರಿನಿಂದ ಈಸ್ಟ್‌ಬೋರ್ನಿನವರೆಗೆ ಸುಮಾರು 160 ಕಿಲೋಮೀಟರು ಸಾಗುವ ‘ಸೌತ್ ಡೌನ್ಸ್’ ದಾರಿಯಲ್ಲಿ ಕಾಲ್ನಡೆಯವರು, ಕುದುರೆ ಸವಾರರು, ಬೈಸಿಕಲ್ ಸವಾರರು ಮೂವರೂ ಹೋಗಬಹುದು. ಅಲ್ಲಿಯ ಗುಡ್ಡಗಳು ತೊಟ್ಟಿಲು ತೂಗಿದಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತವೆ. ಇದಕ್ಕೆ ಕಾರಣ ಅಡಿಯಲ್ಲಿರುವ ಕಲ್ಲು. ಅದು ಸೀಮೆಸುಣ್ಣದ ಜಾತಿಯ ಮೆದುಕಲ್ಲು. ಪುರಾತನ ಕಡಲಿನ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಕೂಡಿ ಆದುದು. ಬಿದ್ದ ಮಳೆಯ ಬಹುಭಾಗವನ್ನು ಅದು ಹೀರಿಕೊಳ್ಳುವುದರಿಂದ ಗುಡ್ಡದ ಮೈ ಕಡಿದಾಗಿ ಸೀಳದೆ ದುಂಡಾಗಿ ಸವೆಯುತ್ತದೆ.

ಅಲ್ಲಿ ಸುಣ್ಣದ ಕೆಸರು ಕೂಡುತ್ತಿದ್ದ ಯುಗದ ಕೊನೆಯಲ್ಲಿ, ಇಂದಿಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ನಮ್ಮ ದಖ್ಖನಿನಲ್ಲಿ ನೆಲ ಬಿರಿದು ಲಾವಾರಸವು ಹರಿಯಿತು. ಅದು ಒಂದೇ ಸಲ ಹರಿದು ನಿಂತದ್ದಲ್ಲ. ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾಯಿತು. ಕೆಲವು ಪದರಗಳು ಉಕ್ಕಿನಂತೆ ಬಿಗಿ; ಕೆಲವು ಗಾಳಿಗುಳ್ಳೆ ತುಂಬಿ ಬೇಗನೆ ಪುಡಿಯಾಗತಕ್ಕವು. ಮೆದು ಪದರ ಸವೆದು ಗಟ್ಟಿ ಪದರ ಉಳಿದುದರಿಂದ ನಮ್ಮ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. ಈ ಶಿಲೆಗೆ ಭೂಶಾಸ್ತ್ರಜ್ಞರು ಕೊಟ್ಟ ‘ಟ್ರ್ಯಾಪ್’ ಎಂಬ ಹೆಸರು ಮೆಟ್ಟಿಲೆಂಬ ಅರ್ಥದ ಸ್ಕಾಂಡಿನೇವಿಯದ ಮಾತಿನಿಂದ ಬಂದುದು. ಮೆಟ್ಟಿಲಿನ ಅಂಚಿನಲ್ಲಿ ಕಡಿದಾದ ಏರು, ಮೆಟ್ಟಿಲಿನ ಮೇಲೆ ಅಲೆಯಲೆಯಾದ ಬಯಲು — ಇದು ನಮ್ಮ ಗುಡ್ಡದಾರಿಗಳ ಲಕ್ಷಣ.

ಈ ಲಕ್ಷಣವನ್ನು ಕಣ್ಣಾರೆ ಕಾಣಲು ವೇರೂಳಿಗಿಂತ ಉತ್ತಮವಾದ ಸ್ಥಳ ದುರ್ಲಭ. ಎಲ್ಲೋರಾ ಎಂದು ಲೋಕಪ್ರಸಿದ್ಧವಾದ ಊರೇ ಇದು. ಮುಂಬಯಿಯಿಂದ ರೈಲನ್ನೇರಿದರೆ ನಾಸಿಕ, ಮನಮಾಡಗಳನ್ನು ದಾಟಿ, ಹಿಂದೆ ಔರಂಗಾಬಾದ್ ಎನಿಸಿ 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರಾದ ಪಟ್ಟಣವನ್ನು ಮುಟ್ಟುತ್ತೇವೆ. ಅಲ್ಲಿಂದ ವೇರೂಳಿಗೆ ಸುಮಾರು 30 ಕಿಲೋಮೀಟರು. ಅರ್ಧದಾರಿಯಲ್ಲಿ ದೌಲತಾಬಾದ್ ಸಿಕ್ಕುತ್ತದೆ. ಅದೇ ಯಾದವರ ದೇವಗಿರಿ. ಒಂಟಿಯಾಗಿ ಎದ್ದು ನಿಂತ ಗುಡ್ಡದ ಬುಡವನ್ನು ಸುತ್ತಲೂ ಗೋಡೆಯಂತೆ ಕಡಿದು ದುರ್ಗವನ್ನು ಮಾಡಿದ್ದಾರೆ. ಅದನ್ನು ದಾಟಿದರೆ ಕೈಕಾಗದಕ್ಕೆ ಹೆಸರಾದ ಕಾಗಜೀಪುರ. ಮುಂದೆ ಘಟ್ಟದ ಏರು. ಏರಿದ ಮೇಲೆ ಖುಲ್ದಾಬಾದ್. 1707ರಲ್ಲಿ ಮಡಿದ ಔರಂಗಜೇಬನ ಸರಳವಾದ ಗೋರಿ ಇರುವುದು ಇಲ್ಲಿಯೇ. ಅಲ್ಲಿಂದ ದಾರಿ ವೇರೂಳಿನ ಕಡೆಗೆ ಇಳಿಯುತ್ತದೆ. ಒಂದು ಮೆಟ್ಟಿಲನ್ನು ಹತ್ತಿ ಮತ್ತೊಂದು ಕಡೆ ಇಳಿದೆವೆಂಬುದು ಕಾಲುಗಳಿಗೇ ತಿಳಿಯುತ್ತದೆ!

ಖುಲ್ದಾಬಾದಿನಿಂದ ಇನ್ನೊಂದು ದಾರಿ ಸುಮಾರು 12 ಕಿಲೋಮೀಟರು ಸಾಗಿ ಮ್ಹೈಸಮಾಳಕ್ಕೆ ಹೋಗುತ್ತದೆ. ಸಮುದ್ರಮಟ್ಟದಿಂದ 1067 ಮೀಟರು ಎತ್ತರದ ಈ ಬಯಲಿನಲ್ಲಿ ಹುಲ್ಲುಗಾವಲು ಮೆಲ್ಲಗೆ ಏರಿಳಿಯುತ್ತದೆ. ಇಂಗ್ಲೆಂಡಿನ ಗುಡ್ಡಗಳನ್ನು ನೆನಪಿಗೆ ತರುವ ನೋಟವೆಂದರೆ ಇಲ್ಲಿಯದೇ. ಆದರೆ ಅಂಚಿಗೆ ಬಂದು ನಿಂತರೆ ನೆಲ ಥಟ್ಟನೆ ಕೆಳಗೆ ಬೀಳುತ್ತದೆ. ಆಗ ಇದು ದಖ್ಖನ್ ಎಂಬುದು ಮನವರಿಕೆಯಾಗುತ್ತದೆ.

ಕನ್ನಡದ ಮಕ್ಕಳು ಈ ಸೀಮೆಯನ್ನು ಪರದೇಶವೆಂದು ತಿಳಿಯಬೇಕಾಗಿಲ್ಲ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೇಳುತ್ತದೆ. ಶಾಸನಗಳು ಏಲಾಪುರವೆಂದು ಕರೆಯುವ ವೇರೂಳಿನಲ್ಲಿ, ಹದಿನೈದನೆಯ ಗುಹೆಯಲ್ಲಿ ರಾಷ್ಟ್ರಕೂಟ ದಂತಿದುರ್ಗನ ಶಾಸನವಿದೆ. ಅದರ ಪಕ್ಕದ ಹದಿನಾರನೆಯದೇ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯ. ಆ ಶಿಲ್ಪಿಗಳು ಗುಡ್ಡದ ನೆತ್ತಿಯಿಂದ ಕೆಳಮುಖವಾಗಿ ಕಡಿಯುತ್ತ ಬಂದರು. ಒಮ್ಮೆ ಕಡಿದುದನ್ನು ಮತ್ತೆ ಅಂಟಿಸುವಂತಿಲ್ಲ; ಆದುದರಿಂದ ಕಲ್ಲಿನ ಪದರ, ಬಿರುಕು, ಓಟಗಳನ್ನು ಅವರು ಮೊದಲೇ ಓದಿಕೊಂಡಿರಬೇಕು. ವೇರೂಳಿನಿಂದ ಉತ್ತರಕ್ಕೆ ಹೋದರೆ ‘ಕನ್ನಡ’ವೆಂಬ ಹೆಸರಿನ ತಾಲ್ಲೂಕಿನ ಊರೇ ಇದೆ!

ಇಂತಹ ದಾರಿಗೆ ನಗರದ ಬೈಸಿಕಲ್ಲು ಏಕೆ ಸಾಲದು? ಸಣ್ಣದೊಂದು ಲೆಕ್ಕ ಮಾಡೋಣ. ಸಾಮಾನ್ಯ ಬೈಸಿಕಲ್ಲಿನ ಮುಂದಿನ ಹಲ್ಲುಗಾಲಿಗೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಚಕ್ರವು ಸುಮಾರು ಎರಡೂವರೆ ಸುತ್ತು ತಿರುಗಿ, ಗಾಡಿ ಐದು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಸಮನೆಲದಲ್ಲಿ ಇದು ಲಾಭ, ಏರಿನಲ್ಲಿ ಭಾರ. ಗುಡ್ಡದ ಬೈಸಿಕಲ್ಲಿನಲ್ಲಿ ಮುಂದೆ 22, ಹಿಂದೆ 32 ಹಲ್ಲುಗಳ ಜೋಡಿಯನ್ನು ಆರಿಸಿಕೊಂಡರೆ ಒಂದು ಸುತ್ತಿಗೆ ಸುಮಾರು 1.4 ಮೀಟರು ಮಾತ್ರ ಸಾಗುತ್ತೇವೆ. ವೇಗ ಕಡಮೆಯಾಯಿತು; ಆದರೆ ಕಾಲಿಗೆ ಬೀಳುವ ಹೊರೆ ನಾಲ್ಕನೆಯ ಒಂದರಷ್ಟಕ್ಕೆ ಇಳಿಯಿತು. ಅಗಲವಾದ ಟಾಯರಿನಲ್ಲಿ ಗಾಳಿಯನ್ನು ತುಸು ಕಡಮೆ ತುಂಬಿದರೆ ಅದು ಕಲ್ಲಿನ ಮೈಗೆ ಹೊಂದಿಕೊಂಡು ಹಿಡಿತ ಕೊಡುತ್ತದೆ. ಇಳಿಯುವಾಗ ಮೈಯನ್ನು ಹಿಂದಕ್ಕೆ ಸರಿಸಿ, ಎರಡು ಬ್ರೇಕುಗಳನ್ನೂ ಮೆಲ್ಲಗೆ ಒತ್ತಬೇಕು. ಮುಂದಿನ ಬ್ರೇಕನ್ನು ಮಾತ್ರ ಥಟ್ಟನೆ ಹಿಡಿದವನು ತಲೆಯ ಮೇಲೆ ಬೀಳುವನು. ಶಿರಸ್ತ್ರಾಣವಿಲ್ಲದೆ, ಜತೆಗೆ ಹಿರಿಯರಿಲ್ಲದೆ, ನೀರಿಲ್ಲದೆ ಗುಡ್ಡಕ್ಕೆ ಹೋಗಲೇಕೂಡದು.

ಕಾಲವನ್ನೂ ನೋಡಬೇಕು. ಮಳೆಗಾಲದಲ್ಲಿ ಇಲ್ಲಿಯ ಕರಿಮಣ್ಣು ಹಿಟ್ಟಿನಂತೆ ಅಂಟಿ ಚಕ್ರವನ್ನೇ ಕಟ್ಟಿಹಾಕುತ್ತದೆ. ಬೇಸಗೆಯಲ್ಲಿ ಬಿಸಿಲು ತಾಳಲಾರದ್ದು. ಸಡಿಲವಾದ ಮೊರಂಕಲ್ಲು ಚಕ್ರದ ಅಡಿಯಲ್ಲಿ ಗೋಲಿಗಳಂತೆ ಉರುಳುತ್ತದೆ. ಜಾಲಿಯ ಮುಳ್ಳು ಟ್ಯೂಬನ್ನು ಬಿಡುವುದಿಲ್ಲ. ಮಳೆ ನಿಂತು ನೆಲ ಆರಿದ ಮೇಲಿನ ಚಳಿಗಾಲವೇ ಉತ್ತಮ.

ಇನ್ನು ಮುಖ್ಯವಾದ ಮಾತು. ಗುಡ್ಡದ ಮೇಲೆ ಕಾಣುವ ಕಾಲುದಾರಿ ಸವಾರನಿಗಾಗಿ ಆದುದಲ್ಲ. ಕುರಿ ಮೇಯಿಸುವವರು, ಸೌದೆ ತರುವ ಹೆಂಗಸರು, ದೇವರ ದರ್ಶನಕ್ಕೆ ಹೋಗುವ ಭಕ್ತರು ತಲೆಮಾರುಗಳಿಂದ ತುಳಿದು ಅದನ್ನು ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ 1968ರ ಕಾನೂನೊಂದು ಕುದುರೆದಾರಿಗಳಲ್ಲಿ ಬೈಸಿಕಲ್ಲಿಗೆ ಹಕ್ಕನ್ನು ಕೊಟ್ಟಿತು. ಆದರೆ ಅದೇ ಕಾನೂನು ಕಾಲ್ನಡೆಯವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂದು ವಿಧಿಸಿತು. ಅಲ್ಲಿ ಕಾನೂನು ಹೇಳುವುದನ್ನು ಇಲ್ಲಿ ನಮ್ಮ ಮರ್ಯಾದೆಯೇ ಹೇಳಬೇಕು. ಕುರಿಮಂದೆ ಎದುರಾದರೆ ಇಳಿದು ನಿಲ್ಲಬೇಕು. ಹೊಲದ ಬದುವಿನಲ್ಲಿ ಹಾಯುವ ಮೊದಲು ಹೊಲದವರನ್ನು ಕೇಳಬೇಕು.

ಕಾಲು ನೆಲವನ್ನು ಅಲ್ಲಲ್ಲಿ ತುಳಿಯುತ್ತದೆ. ಚಕ್ರವಾದರೋ ಎಡೆಬಿಡದ ಗೆರೆಯನ್ನು ಎಳೆಯುತ್ತದೆ. ಒದ್ದೆನೆಲದ ಇಳಿಜಾರಿನಲ್ಲಿ ಆ ಗೆರೆ ಮಳೆನೀರಿಗೆ ಕಾಲುವೆಯಾಗುತ್ತದೆ. ನೀರು ಮಣ್ಣನ್ನು ಕೊಚ್ಚುತ್ತದೆ, ಗೆರೆ ಕೊರಕಲಾಗುತ್ತದೆ. ವೇರೂಳಿನಲ್ಲಿ ಇದನ್ನು ಇನ್ನೂ ಆಳವಾಗಿ ಯೋಚಿಸಬೇಕು. 34 ಗುಹೆಗಳಿರುವುದು ಎರಡು ಕಿಲೋಮೀಟರಿನಷ್ಟು ಉದ್ದದ ಮೆಟ್ಟಿಲಿನ ಮುಖದಲ್ಲಿ. ಮೇಲಿನ ಬಯಲಿನ ನೀರು ಮಳೆಗಾಲದಲ್ಲಿ ಇಪ್ಪತ್ತೊಂಬತ್ತನೆಯ ಗುಹೆಯ ಬಳಿ ಜಲಪಾತವಾಗಿ ಧುಮುಕುತ್ತದೆ. ಬಿರುಕುಗಳಲ್ಲಿ ಇಳಿದ ನೀರು ಗುಹೆಗಳ ಒಳಕ್ಕೂ ಒಸರುತ್ತದೆ. ಸಾವಿರದಿನ್ನೂರು ವರ್ಷಗಳಿಗೂ ಮೀರಿ ಉಳಿದುಬಂದ ಶಿಲ್ಪಕ್ಕೆ ನೀರು ಮೆಲ್ಲನೆಯ ಶತ್ರು. ಆ ನೀರಿಗೆ ಹೊಸ ದಾರಿಯನ್ನು ತೋರಿಸುವ ಕೆಲಸ ನಮ್ಮ ಚಕ್ರದಿಂದ ಆಗಬಾರದು. ಆದುದರಿಂದ ಗುಹೆಗಳ ನೆತ್ತಿಯ ಮೇಲೆ ಬೈಸಿಕಲ್ಲು ಸಲ್ಲದು. ಅದನ್ನು ಕೆಳಗೆ ನಿಲ್ಲಿಸಿ, ಗುಹೆಗಳನ್ನು ನಡೆದೇ ನೋಡಬೇಕು. ಬಂಡಿದಾರಿಗಳೂ ಹಳ್ಳಿಯ ರಸ್ತೆಗಳೂ ಸವಾರಿಗೆ ಬೇಕಾದಷ್ಟಿವೆ.

ನಮ್ಮ ಮಕ್ಕಳಿಗೆ ಇದೆಲ್ಲ ಎಟುಕದ ಮಾತೆಂದು ಯಾರೂ ಅನ್ನಬೇಕಾಗಿಲ್ಲ. ನಾಸಿಕದ ವೈದ್ಯ ಸಹೋದರರಾದ ಹಿತೇಂದ್ರ ಮಹಾಜನ್ ಮತ್ತು ಮಹೇಂದ್ರ ಮಹಾಜನ್ ಅವರು 2015ರಲ್ಲಿ ಅಮೆರಿಕವನ್ನು ಅಡ್ಡಲಾಗಿ ದಾಟುವ ಸುಮಾರು 4800 ಕಿಲೋಮೀಟರಿನ ಬೈಸಿಕಲ್ ಪಂದ್ಯವನ್ನು ಜೋಡಿಯಾಗಿ ಪೂರೈಸಿದರು. 2017ರಲ್ಲಿ ಸೈನ್ಯದ ವೈದ್ಯರಾದ ಶ್ರೀನಿವಾಸ ಗೋಕುಲನಾಥ್ ಅವರು ಅದನ್ನು ಒಬ್ಬರೇ ಪೂರೈಸಿದ ಮೊದಲ ಭಾರತೀಯರೆನಿಸಿದರು. ಅವರದು ಡಾಂಬರು ರಸ್ತೆಯ ಸಾಧನೆ. ಆದರೂ ಅಭ್ಯಾಸದ ಪಾಠ ಒಂದೇ.

ವಿದ್ಯಾರ್ಥಿಗಳೇ, ಭೂಗೋಳದ ಪುಸ್ತಕದಲ್ಲಿ ನಾವು ‘ದಖ್ಖನ್ ಪ್ರಸ್ಥಭೂಮಿ’ ಎಂದು ಬಾಯಿಪಾಠ ಮಾಡುತ್ತೇವೆ. ಚರಿತ್ರೆಯ ಪುಸ್ತಕದಲ್ಲಿ ‘ರಾಷ್ಟ್ರಕೂಟರು’ ಎಂದು ಬರೆಯುತ್ತೇವೆ. ದೌಲತಾಬಾದಿನ ಆಚೆಯ ಏರನ್ನು ಸ್ವಂತ ಕಾಲಿನಿಂದ ಏರಿದವನಿಗೆ ಈ ಎರಡೂ ಪಾಠಗಳು ಒಂದೇ ಕಲ್ಲಿನಲ್ಲಿ ಕಾಣಿಸುತ್ತವೆ. ಮನೆಯವರೊಡನೆ ಆ ಕಡೆಗೆ ಹೋಗುವ ಯೋಗ ಬಂದಾಗ ಮೋಟಾರಿನ ಕಿಟಕಿಯಿಂದ ಮಾತ್ರ ನೋಡಿ ಹಿಂದಿರುಗದೆ, ಸ್ವಲ್ಪ ದೂರವಾದರೂ ಪೆಡಲನ್ನು ತುಳಿದು ನೋಡಿರಿ. ಹಿಂದಿರುಗುವಾಗ ನಿಮ್ಮ ಹಿಂದೆ ಒಂದು ಕಾಗದದ ಚೂರಾಗಲಿ, ಹೊಸದೊಂದು ಕೊರಕಲಾಗಲಿ ಉಳಿಯದಿರಲಿ.