ಗುಮ್ಮಟ ಎರಡನೇ ದಿನಕ್ಕಿರಲಿ

ಉತ್ತರ ಕರ್ನಾಟಕ ಪ್ರವಾಸ ಎಂದರೆ ಬೆಂಗಳೂರು, ಮೈಸೂರು ಕಡೆಯವರ ಹತ್ತಿರ ಒಂದು ಸಿದ್ಧ ಪಟ್ಟಿ ಇರುತ್ತದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ಕೊನೆಯಲ್ಲಿ ಹೊತ್ತು ಉಳಿದರೆ ವಿಜಯಪುರ. ಬಸ್ಸು ಗೋಳಗುಮ್ಮಟದ ಮುಂದೆ ನಿಲ್ಲುತ್ತದೆ. ಎಲ್ಲರೂ ಏದುಸಿರು ಬಿಡುತ್ತ ಹತ್ತುತ್ತಾರೆ, ಒಂದಷ್ಟು ಕೂಗಾಡುತ್ತಾರೆ, ಇಳಿದು ಬಂದು ಕಬ್ಬಿನ ಹಾಲು ಕುಡಿದು ಬಸ್ಸು ಹತ್ತುತ್ತಾರೆ. ಶಾಲೆಯ ಟೂರಿನಲ್ಲಿ ಹೀಗೆ ನೋಡಿ ಬಂದವರು ಆಮೇಲೆ ಮೂವತ್ತು ವರ್ಷ ‘ಬಿಜಾಪುರ ನೋಡಿದ್ದೀನಿ’ ಎಂದೇ ನಂಬಿಕೊಂಡಿರುತ್ತಾರೆ.

ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರ. ಆದರೆ ಅಲ್ಲಿನ ಆಟೊದವರ ಬಾಯಲ್ಲಿ ಇನ್ನೂ ಬಿಜಾಪುರವೇ. “ಗುಮ್ಮಟ ಒಂದ ನೋಡಿದ್ರ ಬಿಜಾಪುರ ನೋಡಿಧಂಗ ಆಗಂಗಿಲ್ರೀ” ಎಂದು ಅವರು ಹೇಳುವುದರಲ್ಲಿ ಬಾಡಿಗೆಯ ಆಸೆ ಇದ್ದರೂ ಮಾತು ಮಾತ್ರ ಅಪ್ಪಟ ಸತ್ಯ. ಮೊದಲ ಸಲ ಹೋಗುವವರು ಕನಿಷ್ಠ ಎರಡು ಹಗಲು, ಒಂದು ರಾತ್ರಿ ಈ ಊರಿಗೆ ಕೊಡಬೇಕು. ಜೊತೆಗೆ ನನ್ನದೊಂದು ಸಲಹೆ: ರೈಲ್ವೆ ಸ್ಟೇಷನ್ನಿನಿಂದ ಹೊರಬರುತ್ತಿದ್ದಂತೆ ಗೋಳಗುಮ್ಮಟ ಕಣ್ಣಿಗೆ ಬಿದ್ದು ‘ಬಾ’ ಎಂದು ಕರೆದರೂ ಅಂದೇ ಹೋಗಬೇಡಿ.

ಕಾರಣವಿದೆ. ವಿಜಯಪುರವನ್ನು ಸುಮಾರು 200 ವರ್ಷ ಆಳಿದ ಆದಿಲ್‌ಶಾಹಿಗಳಲ್ಲಿ ಕೊನೆಯ ಮೂರು ತಲೆಮಾರಿನ ದೊಡ್ಡ ದೊರೆಗಳ ಸಮಾಧಿಗಳು ಈ ಊರಿನಲ್ಲಿವೆ. ತಾತ ಎರಡನೇ ಇಬ್ರಾಹಿಂನದು ಇಬ್ರಾಹಿಂ ರೋಜಾ. ಮಗ ಮೊಹಮ್ಮದನದು ಗೋಳಗುಮ್ಮಟ. ಮೊಮ್ಮಗ ಎರಡನೇ ಅಲಿಯದು ಅರ್ಧಕ್ಕೇ ನಿಂತ ಬಾರಾ ಕಮಾನ್. (ವಂಶದ ಮೊದಲ ದೊರೆಗಳು ಇಲ್ಲಿ ಮಲಗಿಲ್ಲ, ಯೂಸುಫ್ ಮತ್ತು ಅವನ ನಂತರದವರ ಗೋರಿಗಳು ಯಾದಗಿರಿ ಜಿಲ್ಲೆಯ ಗೋಗಿಯಲ್ಲಿವೆ.) ಈ ಮೂರನ್ನೂ ಕಟ್ಟಿದ ಕ್ರಮದಲ್ಲೇ ನೋಡುತ್ತ ಹೋದರೆ ಒಂದು ರಾಜ್ಯದ ಏಳುಬೀಳು ಯಾವ ಗೈಡಿನ ಸಹಾಯವೂ ಇಲ್ಲದೆ ತಿಳಿಯುತ್ತದೆ. ಗುಮ್ಮಟವನ್ನೇ ಮೊದಲು ನೋಡಿದರೆ ಆ ಗಾತ್ರ ತಲೆಯಲ್ಲಿ ಕೂತುಬಿಡುತ್ತದೆ, ಉಳಿದದ್ದೆಲ್ಲ ಸಣ್ಣದಾಗಿ ಕಾಣುತ್ತದೆ.

ಬೆಂಗಳೂರಿನಿಂದ ಹೋಗುವವರಿಗೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಹೊರಟು ಹುಬ್ಬಳ್ಳಿ, ಗದಗ, ಬಾಗಲಕೋಟೆ ಮೇಲೆ ಬೆಳಿಗ್ಗೆ ಮುಟ್ಟಿಸುತ್ತದೆ. ಆಲಮಟ್ಟಿ ಹತ್ತಿರ ಕೃಷ್ಣೆಯನ್ನು ದಾಟುವಾಗ ಎಚ್ಚರವಿದ್ದರೆ ಒಳ್ಳೆಯದು. ಹೋಗುವ ಕಾಲ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಚಪ್ಪಲಿ ಬಿಟ್ಟು ನಡೆಯುವ ಕಡೆ ಕಾದ ಕಲ್ಲು ಅಂಗಾಲನ್ನು ಹುರಿಯುತ್ತದೆ. ಚಳಿಗಾಲದಲ್ಲೂ ಚೀಲದಲ್ಲೊಂದು ಜೊತೆ ಕಾಲುಚೀಲ ಇರಲಿ.

ಮೊದಲ ಬೆಳಿಗ್ಗೆ ಜಾಮಿಯಾ ಮಸೀದಿಗೆ ಕೊಡಿ. 1565ರಲ್ಲಿ ವಿಜಯನಗರದ ಸೈನ್ಯವನ್ನು ಸೋಲಿಸಿದ ಸುಲ್ತಾನರ ಕೂಟದಲ್ಲಿದ್ದ ಒಂದನೇ ಅಲಿ ಆದಿಲ್‌ಶಾ ಆ ಯುದ್ಧದ ನಂತರ ಶುರು ಮಾಡಿಸಿದ ಕಟ್ಟಡ ಇದು. ಹಂಪಿಯನ್ನು ಹಾಳು ಮಾಡಿ ತಂದ ಸಂಪತ್ತು ಎಲ್ಲಿ ಹೋಯಿತು ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ. ಕಮಾನಿನ ಹಿಂದೆ ಕಮಾನು, ಬಿಳಿ ಗಾರೆ, ಅಲಂಕಾರ ಬಲು ಕಡಿಮೆ. ಪಶ್ಚಿಮದ ಗೋಡೆಯ ಮಿಹ್ರಾಬ್ ಮಾತ್ರ ಚಿನ್ನದ ಬಣ್ಣದಿಂದ ತುಂಬಿದೆ. ಅದು 1636ರಲ್ಲಿ ಮೊಹಮ್ಮದ್ ಆದಿಲ್‌ಶಾ ಮಾಡಿಸಿದ್ದು. ಇದು ಇಂದಿಗೂ ನಮಾಜು ನಡೆಯುವ ಮಸೀದಿ. ಶುಕ್ರವಾರ ಮಧ್ಯಾಹ್ನ ಇತ್ತ ಬರುವುದು ಬೇಡ, ಮೈತುಂಬ ಬಟ್ಟೆ ಇರಲಿ, ಫೋಟೊ ತೆಗೆಯುವ ಮುಂಚೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ.

ಅಲ್ಲಿಂದ ಕೋಟೆಯ ಒಳಭಾಗದ ಕಡೆಗೆ, ಸ್ಥಳೀಯರು ಅರಕಿಲ್ಲೆ ಎನ್ನುವ ಕಡೆಗೆ ಬರುವ ದಾರಿಯಲ್ಲಿ ಮೆಹತರ್ ಮಹಲ್ ಸಿಗುತ್ತದೆ. ಹೆಸರು ಮಹಲ್, ಆದರೆ ಅದೊಂದು ಮಸೀದಿಯ ಹೆಬ್ಬಾಗಿಲು. ಮೇಲಿನ ಬಾಲ್ಕನಿಯನ್ನು ಹೊತ್ತ ಕಲ್ಲಿನ ತೋಳುಗಳನ್ನು ಮರದಲ್ಲಿ ಕೊರೆದಷ್ಟು ಸಲೀಸಾಗಿ ಕೊರೆದಿದ್ದಾರೆ. ಅಸರ್ ಮಹಲ್ ಹತ್ತಿರದಲ್ಲೇ ಇದೆ. ಮೊದಲು ನ್ಯಾಯದಾನದ ಸಭಾಂಗಣವಾಗಿತ್ತು, ಎದುರಿಗೆ ಕೊಳ. ಗಗನ್ ಮಹಲಿನ ದೊಡ್ಡ ಕಮಾನಿನ ಕೆಳಗೂ ಸ್ವಲ್ಪ ಹೊತ್ತು ನಿಲ್ಲಬೇಕು. ಅದನ್ನು ಒಂದನೇ ಅಲಿ ಕಟ್ಟಿಸಿದ್ದು 1561ರಲ್ಲಿ. 1686ರಲ್ಲಿ ಹದಿನೆಂಟರ ಹರೆಯದ ಕೊನೆಯ ದೊರೆ ಸಿಕಂದರನನ್ನು ಬೆಳ್ಳಿಯ ಸಂಕೋಲೆ ತೊಡಿಸಿ ಔರಂಗಜೇಬನ ಮುಂದೆ ಇಲ್ಲೇ ನಿಲ್ಲಿಸಿದರು ಎಂಬುದು ಊರಿನ ನೆನಪು.

ಹೊತ್ತು ನೆತ್ತಿಗೇರಿದಾಗ ಸ್ಮಾರಕ ನೋಡುವ ಹಟ ಬೇಡ. ಒಂದು ಖಾನಾವಳಿ ಹುಡುಕಿ ಕೂತುಬಿಡಿ. ಡೋಣಿ ನದಿ ಸಾಲಿನ ಕಪ್ಪು ಎರೆಮಣ್ಣಿನಲ್ಲಿ ಬೆಳೆದ ಬಿಳಿಜೋಳದ ರೊಟ್ಟಿ, ಎಣಗಾಯಿ ಪಲ್ಯ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. “ಇನ್ನೊಂದ ರೊಟ್ಟಿ ಹಾಕಲ್ರೀ?” ಎನ್ನುವವರಿಗೆ ಬೇಡ ಎನ್ನಲು ಗಟ್ಟಿ ಮನಸ್ಸು ಬೇಕು. ಉಂಡಮೇಲೆ ಒಂದು ತಾಸು ಅಡ್ಡಾಗಿ. ದಕ್ಷಿಣದಿಂದ ಬಂದು ‘ಊಟಕ್ಕೆ ಅನ್ನ ಸಾರು ಎಲ್ಲಿ ಸಿಗುತ್ತೆ’ ಎಂದು ಹುಡುಕುವವರ ಬಗ್ಗೆ ನನಗೆ ಹೇಳುವುದೇನಿಲ್ಲ.

ಮೂರು ಗಂಟೆಯ ಮೇಲೆ ಊರಿನ ಪಶ್ಚಿಮಕ್ಕೆ ಹೊರಡಿ. ಆಟೊದವರ ಹತ್ತಿರ ಒಟ್ಟು ಸುತ್ತಾಟಕ್ಕೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳುವುದು ಒಳಿತು. ದಾರಿಯಲ್ಲಿ ಉಪ್ಲಿ ಬುರುಜು ಇದೆ, 1584ರ ಕಾವಲು ಗೋಪುರ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದರೆ ಇಡೀ ಊರು ಕಾಣುತ್ತದೆ. ಸ್ವಲ್ಪ ಮುಂದೆ ಕೋಟೆಗೋಡೆಯ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಇದರ ತೂಕ ಸುಮಾರು 55 ಟನ್. ಬಾಯಿಯ ಹತ್ತಿರ ಬಗ್ಗಿ ನೋಡಿ: ತೆರೆದ ಸಿಂಹದ ದವಡೆ, ಅದರ ಹಲ್ಲಿನ ನಡುವೆ ಸಿಕ್ಕ ಪುಟ್ಟ ಆನೆ. ಮೈಮೇಲೆ ಎರಕದವನ ಹೆಸರಿದೆ, ಊರನ್ನು ಗೆದ್ದ ಔರಂಗಜೇಬ ಕೆತ್ತಿಸಿದ ಬರಹವೂ ಇದೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು.

ಮಕ್ಕಾ ದರವಾಜೆಯ ಹತ್ತಿರದ ತಾಜ್ ಬಾವಡಿಯನ್ನು ಬಿಡಬೇಡಿ. ರಸ್ತೆಯಿಂದ ಏನೂ ಗೊತ್ತಾಗುವುದಿಲ್ಲ, ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ದೊಡ್ಡ ಕಮಾನು, ಎರಡು ಪಕ್ಕದಲ್ಲಿ ಎಂಟು ಮೂಲೆಯ ಗೋಪುರ, ಕೆಳಗೆ ಕೆರೆಯಷ್ಟು ನೀರು. 1620ರಲ್ಲಿ ಕಟ್ಟಿದ್ದು, ರಾಣಿ ತಾಜ್ ಸುಲ್ತಾನಾಳ ಹೆಸರು. ಮಳೆ ಕಡಿಮೆಯ ಈ ಬಯಲಿನಲ್ಲಿ ಅಷ್ಟು ದೊಡ್ಡ ಊರು ಬದುಕಿದ್ದೇ ನೀರಿನ ಜಾಣತನದಿಂದ. ತೊರವಿಯ ಕಡೆಯಿಂದ, ಬೇಗಂ ತಲಾಬಿನಿಂದ ನೆಲದಡಿ ನೀರು ತರುತ್ತಿದ್ದರು, ಒತ್ತಡ ಹೆಚ್ಚಿ ಕೊಳವೆ ಒಡೆಯದಂತೆ ನಡುನಡುವೆ ‘ಗಂಜ್’ ಎಂಬ ನೀರಿನ ಗೋಪುರಗಳನ್ನು ಕಟ್ಟಿದ್ದರು. ಪೇಟೆಯಲ್ಲಿ ಓಡಾಡುವಾಗ ಅಂಗಡಿಗಳ ನಡುವೆ ತಲೆ ಎತ್ತಿ ನಿಂತ ಮೋಟು ಕಲ್ಲುಗೋಪುರ ಕಂಡರೆ ಅದೇ.

ಇಬ್ರಾಹಿಂ ರೋಜಾಕ್ಕೆ ಬಿಸಿಲು ಇಳಿಯುವ ಹೊತ್ತಿಗೆ ತಲುಪಬೇಕು. ಎತ್ತರದ ಜಗಲಿಯ ಮೇಲೆ ಎದುರುಬದುರು ಎರಡು ಕಟ್ಟಡ: ಪೂರ್ವಕ್ಕೆ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ತೊಟ್ಟಿ. ಜನ ಹೊರಗಿನಿಂದ ಮಿನಾರುಗಳ ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಸಮಾಧಿಯ ಪಡಸಾಲೆಯೊಳಗೆ ಹೋಗಿ ಗೋಡೆಗೆ ಮುಖ ಕೊಟ್ಟು ನಿಲ್ಲಿ. ಗೋಡೆಯ ಇಂಚಿಂಚೂ ಬರಹ, ಬಳ್ಳಿ, ರೇಖಾವಿನ್ಯಾಸ. ಕಿಟಕಿಗಳನ್ನು ನೋಡಿದರೆ ಜಾಲಂದ್ರ ಅನ್ನಿಸುತ್ತದೆ. ಹತ್ತಿರ ಹೋದರೆ ಅವು ಅರೇಬಿಕ್ ಅಕ್ಷರಗಳು. ಅಕ್ಷರ ಉಳಿಸಿ ಸುತ್ತಲಿನ ಕಲ್ಲನ್ನು ಆಚೆಯವರೆಗೆ ಕೊರೆದು ತೆಗೆದಿದ್ದಾರೆ, ಅದರ ಸಂದಿಯಿಂದಲೇ ಒಳಗಿನ ಕೋಣೆಗೆ ಬೆಳಕು. ಒಳಗೆ ತಲೆ ಎತ್ತಿದರೆ ನಡುವೆ ಯಾವ ಕಂಬದ ಆಸರೆಯೂ ಇಲ್ಲದೆ ಚಪ್ಪಟೆಯಾಗಿ ನಿಂತ ಕಲ್ಲಿನ ಚಾವಣಿ. ಮಸೀದಿಯ ಸೂರಿನ ಮೂಲೆಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿ ತೂಗುತ್ತದೆ. ಬಾಗಿಲ ಮೇಲಿನ ಶಾಸನ ಇದನ್ನು ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಹೇಳುತ್ತದೆ, ಒಂದೂವರೆ ಲಕ್ಷ ಹೊನ್ನಿನ ಮೇಲೆ 900 ಖರ್ಚಾಯಿತೆಂದು ಲೆಕ್ಕವನ್ನೂ ಕೊಡುತ್ತದೆ. ಖರ್ಚನ್ನು ಹೀಗೆ ಕಲ್ಲಿನಲ್ಲಿ ಬರೆಸಿದ ಸರ್ಕಾರಿ ಕಾಮಗಾರಿ ಈಗ ಅಪರೂಪ.

1580ರಿಂದ 1627ರವರೆಗೆ ಆಳಿದ ಇಬ್ರಾಹಿಂ ವಿಚಿತ್ರ ಮನುಷ್ಯ. ಸಂಗೀತದ ಹುಚ್ಚು. ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ. ಜನ ಅವನನ್ನು ಜಗದ್ಗುರು ಎಂದು ಕರೆದರು. ಅವನ ತಂಬೂರಕ್ಕೂ ಒಂದು ಹೆಸರಿತ್ತು, ಮೋತಿಖಾನ್. ರೋಜಾದ ಕೆಲಸದ ನಯದಲ್ಲಿ ಆ ಮನಸ್ಸೇ ಇದೆ.

ಅಪ್ಪನ ಈ ನಾಜೂಕನ್ನು ಮೀರಲು ಮಗನಿಗೆ ಉಳಿದದ್ದು ಗಾತ್ರವೊಂದೇ ಎಂಬುದು ಕಟ್ಟಡಗಳನ್ನು ಬಲ್ಲವರ ಹಳೆಯ ಊಹೆ. ಎರಡನೇ ದಿನ ಬೆಳಿಗ್ಗೆ ಟಿಕೆಟ್ ಕಿಟಕಿ ತೆರೆಯುವ ಹೊತ್ತಿಗೇ ಗೋಳಗುಮ್ಮಟದ ಮುಂದಿರಿ. ಶಾಲೆಯ ಬಸ್ಸುಗಳು ಬಂದಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತಿಗೆ ಜಾಗವಿಲ್ಲ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು, ಕಡಿದು, ಏಳು ಅಂತಸ್ತು. ಮಂಡಿನೋವಿನ ಹಿರಿಯರನ್ನು ಒತ್ತಾಯಿಸಬೇಡಿ. ಕೆಳಗಿನ ಹಜಾರವೇ ಅರ್ಧ ಗುಮ್ಮಟ.

ಆ ಹಜಾರದಲ್ಲಿ ಒಂದು ಮೂಲೆಗೆ ಹೋಗಿ ಮೇಲೆ ನೋಡಿ. ಒಂದೊಂದು ಬದಿಯೂ ಸುಮಾರು 135 ಅಡಿ ಇರುವ ಚೌಕ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸಿದ್ದು ಹೇಗೆ? ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತ ಒಳಕ್ಕೆ ಬಾಗಿ ಬರುತ್ತವೆ, ಬುಟ್ಟಿ ಹೆಣೆದ ಹಾಗೆ. ಅವು ಕೂಡುವಲ್ಲಿ ಚೌಕ ಮಾಯವಾಗಿ ದುಂಡನೆಯ ಕಟ್ಟೆ ಉಳಿಯುತ್ತದೆ. ಇಟ್ಟಿಗೆ ಗಾರೆಯ ಗುಮ್ಮಟ ಹೊರಕ್ಕೆ ಒತ್ತುತ್ತದೆ. ಈ ಕಮಾನುಗಳ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಸರಿದೂಗಿ ಕಟ್ಟಡ ಮೂರೂವರೆ ಶತಮಾನದಿಂದ ನಿಂತಿದೆ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ‘ಜಗತ್ತಿನಲ್ಲೇ ಎರಡನೆಯದು’ ಎಂಬ ಗೈಡುಗಳ ಮಾತನ್ನು ಅಷ್ಟಾಗಿ ನಂಬಬೇಡಿ. ರೋಮ್‌ನ ಪ್ಯಾಂಥಿಯನ್, ಸೇಂಟ್ ಪೀಟರ್ಸ್, ಫ್ಲಾರೆನ್ಸಿನ ಕೆಥೆಡ್ರಲ್ ಮೂರರ ಒಳವ್ಯಾಸವೂ ಇದರ ಒಳವ್ಯಾಸಕ್ಕಿಂತ ಹೆಚ್ಚು. ಆದರೆ ಒಂದೇ ಗುಮ್ಮಟದ ಕೆಳಗೆ ಮುಚ್ಚಿದ ನೆಲದ ಲೆಕ್ಕ ಹಿಡಿದರೆ ಪ್ಯಾಂಥಿಯನ್ ಕೂಡ ಇದಕ್ಕಿಂತ ಚಿಕ್ಕದು. ನಾಟ್ಯಗಾತಿ ರಂಭೆ ಗ್ಯಾಲರಿಯಿಂದ ಹಾರಿದ ಕತೆಯನ್ನು ಕತೆಯಾಗಿ ಕೇಳಿ. ನಡುವಿನ ಕಟ್ಟೆಯ ಮೇಲೆ ಅವಳ ಗೋರಿಯನ್ನೂ ತೋರಿಸುತ್ತಾರೆ. ಅಲ್ಲಿ ಕಾಣುವುದು ಗುರುತಿನ ಗೋರಿಗಳು ಮಾತ್ರ, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ.

ಇಳಿದು ಬಂದಮೇಲೆ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ನೋಡಿ. ಶುಕ್ರವಾರ ಅದಕ್ಕೆ ರಜೆ. ಶನಿವಾರ, ಭಾನುವಾರ ಬರುವ ಬದಲು ವಾರದ ನಡುವೆ ಎರಡು ದಿನ ರಜೆ ಹಾಕಿ ಬಂದರೆ ಗದ್ದಲ ಕಡಿಮೆ, ಶುಕ್ರವಾರವೂ ತಪ್ಪುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಬೇಕಿಲ್ಲ.

ಊರು ಬಿಡುವ ಸಂಜೆಗೆ ಬಾರಾ ಕಮಾನ್ ಇರಲಿ. ಮೊಹಮ್ಮದನ ಮಗ ಎರಡನೇ ಅಲಿ ಅಪ್ಪನ ಗುಮ್ಮಟವನ್ನೂ ಮೀರಿಸಲು ಹೊರಟವನು. 1672ರಲ್ಲಿ ತೀರಿಕೊಂಡ. ಒಂದು ಕಡೆ ಶಿವಾಜಿ, ಇನ್ನೊಂದು ಕಡೆ ಮೊಗಲರು. ಬೊಕ್ಕಸ ಖಾಲಿ, ಪಟ್ಟಕ್ಕೆ ಬಂದದ್ದು ನಾಲ್ಕೈದು ವರ್ಷದ ಕೂಸು. ಕರಿಕಲ್ಲಿನ ಕಮಾನುಗಳ ಮೇಲೆ ಚಾವಣಿ ಏರಲೇ ಇಲ್ಲ. ಮುಂದೆ ಹದಿನಾಲ್ಕು ವರ್ಷಕ್ಕೆ ರಾಜ್ಯವೇ ಮುಗಿಯಿತು.

ಮೂರನೇ ದಿನ ಸಿಕ್ಕರೆ ಬಾದಾಮಿಗೆ ಓಡಬೇಡಿ, ಅದಕ್ಕೆ ಬೇರೆಯೇ ಪ್ರವಾಸ ಬೇಕು. ಊರಿನ ಪಶ್ಚಿಮಕ್ಕೆ ಹತ್ತಿರದಲ್ಲೇ ಇರುವ ತೊರವಿಗೆ ಹೋಗಿ. ತೊರವೆ ರಾಮಾಯಣದ ಕುಮಾರ ವಾಲ್ಮೀಕಿಯ ಊರು, ಅವನ ಆರಾಧ್ಯದೈವ ನರಸಿಂಹನ ಗುಡಿ ಅಲ್ಲಿದೆ. ಇಬ್ರಾಹಿಂ 1599ರಲ್ಲಿ ಸಂಗೀತಗಾರರಿಗೆಂದು ಕಟ್ಟಲು ತೊಡಗಿ ಮುಗಿಸಲಾಗದ ನವರಸಪುರವೂ ಅದೇ ಸೀಮೆಯಲ್ಲಿ. ಅದರ ಸಂಗೀತ ಮಹಲಿನ ಕಮಾನುಗಳು ಇನ್ನೂ ನಿಂತಿವೆ. ಊರಿನಿಂದ ಆಟೊ ಸಿಗುತ್ತದೆ, ವಾಪಸು ಬರುವುದಕ್ಕೂ ಅದನ್ನೇ ನಿಲ್ಲಿಸಿಕೊಳ್ಳಿ.